ಮುಳುಗುವ ಮೇಷ್ಟ್ರು

ಬಿಂಡಿಗನವಿಲೆ ಹತ್ತಿರದ ಒಂದು ಶಾಲೆಯಲ್ಲಿ ಹಂಗಾಮಿ ಡ್ರಿಲ್ ಮೇಷ್ಟ್ರಾಗಿದ್ದ ಅಶೋಕನಿಗೆ ಎಲ್ಲ ತೊಂದರೆಯೂ ಒಂದು ‘ಹ್ಞೂಂ’ನಿಂದ ಶುರುವಾಯಿತು. ಕೆಲಸಕ್ಕೆ ಸೇರುವ ದಿನ ಹೆಡ್‌ಮೇಷ್ಟ್ರು ನಂಜಪ್ಪನವರು “ಈಜು ಬತ್ತದೇನಪ್ಪ?” ಎಂದು ಕೇಳಿದ್ದರು. ಇಲ್ಲವೆಂದರೆ ಕೆಲಸ ಸಿಗದೇನೋ ಎಂಬ ಭಯಕ್ಕೆ ಹ್ಞೂಂ ಅಂದುಬಿಟ್ಟಿದ್ದ.

ಮುಳುಗುವವರನ್ನು ಉಳಿಸಲು ಹೋದ ಮಕ್ಕಳೂ ಮುಳುಗುತ್ತಾರೆ, ನೀರಿಗೆ ಹಾರದೆ ಉಳಿಸುವುದನ್ನು ಆಟದಲ್ಲೇ ಕಲಿಸಬೇಕು ಎಂದು ತೊಂಬತ್ತನಾಲ್ಕರ ಬೇಸಿಗೆಯಲ್ಲಿ ನಂಜಪ್ಪನವರು ಹಟ ಹಿಡಿದರು. ಪಾಂಡವಪುರದ ಸಾಹುಕಾರರೊಬ್ಬರ ತೋಟದಲ್ಲಿ ಈಜುಕೊಳವಿತ್ತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದ ದಿನ ಅಶೋಕನಿಗೆ “ಇವತ್ತು ಆಟ ಚೆನ್ನಾಗಾದ್ರೆ ನಿನ್ ಕೆಲಸ ಕಾಯಮ್ಮು” ಅಂದರು.

ಅಶೋಕ ಮಕ್ಕಳನ್ನು ಎರಡು ಗುಂಪು ಮಾಡಿದ. ಒಂದಕ್ಕೆ ಮೇಘನ ಲೀಡರು, ಇನ್ನೊಂದಕ್ಕೆ ಕಿಶನ್.

“ಯಾರೂ ನೀರಿಗಿಳೀಬಾರ್ದು. ದಡದಲ್ಲೇ ಬೋರಲು ಮಲಗಿ, ಹಗ್ಗ ಕಟ್ಟಿದ ಟ್ಯೂಬು ಎಸೆದು ಎಳೀಬೇಕು. ಮುಳುಗೋನು ನಾನು.”

ಸೊಂಟದುದ್ದ ನೀರಿನಲ್ಲಿ ನಿಂತು ಕೈ ಬಡಿದರಾಯಿತು ಎಂದುಕೊಂಡು ಇಳಿದ. ಕೊಳದ ತಳ ಇಳಿಜಾರಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಪಾಚಿಯ ಮೇಲೆ ಕಾಲು ಜಾರಿತು. ಆಲೆಮನೆ ಕೊಪ್ಪರಿಗೆಗೆ ಬಿದ್ದ ಇರುವೆಯಂತೆ ಒದ್ದಾಡತೊಡಗಿದ.

“ಆಟ ಅಲ್ಲ ಕಣ್ರೋ! ನಿಜ್ವಾಗ್ಲೂ ಮುಳುಗ್ತಾ ಇವ್ನಿ!”

ಮಕ್ಕಳು ಚಪ್ಪಾಳೆ ತಟ್ಟಿದರು. “ಸಾ ಎಂಗ್ ನಾಟ್ಕ ಆಡ್ತಾವ್ರೆ ನೋಡ್ಲಾ!”

ಮೇಘನ ಎಸೆದ ಟ್ಯೂಬು ಮೊದಲು ಅವನ ತಲೆಗೆ ಬಡಿಯಿತು, ಆಮೇಲೆ ಕೈಗೆ ಸಿಕ್ಕಿತು. ಅವಳ ಗುಂಪು ಹಟಮಾರಿ ಕರುವನ್ನು ಎಳೆದಂತೆ ಅವನನ್ನು ದಡಕ್ಕೆಳೆಯಿತು.

ಕಿಶನ್ ಕೆರಳಿದ. “ಈಗ ನಮ್ ಸರದಿ! ಸಾರ್ನ ಮತ್ತೆ ನೀರಿಗ್ ಬುಡ್ರೋ!”

ಇವರು ಕಾಲು ಹಿಡಿದರು, ಅವರು ಕೈ ಹಿಡಿದರು. ಗಲಾಟೆ ಕೇಳಿ ತೋಟದ ಕೆಲಸದ ಬೆಟ್ಟಮ್ಮ ಓಡಿಬಂದಳು.

“ಅಯ್ಯೋ ಸಿವ್ನೇ, ಒಟ್ಟೆ ತುಂಬ ನೀರು ಕುಡ್ದವ್ನೆ! ಅಂಡೆ ಬೋರಲಾಕಿ ಮಲಗುಸ್ರೋ!”

“ಅವ್ವಾ, ನಾನು ಬದುಕಿವ್ನಿ!”

“ಸುಮ್ಕಿರು ಮಗಾ, ಅದು ಆಮೇಲೆ ಗೊತ್ತಾಯ್ತದೆ.”

ಬೋರಲು ಹಾಕಿದ ಹಂಡೆಯ ಮೇಲೆ ಅವನನ್ನು ಒಗೆಯುವ ಬಟ್ಟೆಯಂತೆ ಹಾಕಿ ಬೆನ್ನಿಗೆ ಗುದ್ದತೊಡಗಿದಳು. ಆಟ ಮುಗಿಯಿತೋ ಇಲ್ಲವೋ, ತಾನು ಬದುಕಿದ್ದೇನೋ ಇಲ್ಲವೋ, ಅಶೋಕನಿಗೇ ಅನುಮಾನ ಬಂತು.

ಪಂಪ್‌ಹೌಸಿನ ಮರೆಯಿಂದ ನಂಜಪ್ಪನವರು ಉದ್ದದ ಬಿದಿರಿನ ಗಳ ಹಿಡಿದು ಬಂದರು. ಅಶೋಕ ಹಂಡೆಯ ಮೇಲಿಂದಲೇ ಕೈ ಮುಗಿದ.

“ತಪ್ಪಾಯ್ತು ಸಾ. ನಂಗೆ ಈಜು ಬರಲ್ಲ. ಕೆಲಸದಿಂದ ತೆಗೀಬೇಡಿ.”

“ಗೊತ್ತು ಕಣಯ್ಯ. ಕೆರೆ ಮೆಟ್ಲಲ್ಲಿ ಕೂತು ಚೊಂಬಲ್ಲಿ ನೀರು ಉಯ್ಕೊಳೋನ್ನ ಊರೇ ನೋಡೈತೆ. ಅದಕ್ಕೇ ಗಳ ಇಡ್ಕೊಂಡು ಇಲ್ಲೇ ನಿಂತಿದ್ದೆ.”

“ಮತ್ತೆ ನನ್ನೇ ಯಾಕ್ ಸಾ ಇಳಿಸಿದ್ರಿ?”

“ಈಜು ಬರೋನು ಮುಳುಗಿದಂಗೆ ಆಡಿದ್ರೆ ನೋಡೋಕಾಯ್ತದೇನಯ್ಯ? ನೀನು ಮುಳುಗಿದ್ರೆ ಮುಳುಗಿದಂಗೇ ಇರ್ತದೆ! ನಿನ್ ಕೆಲಸ ಕಾಯಮ್ಮು. ನಾಗಮಂಗ್ಲದೋರು, ಕೆ.ಆರ್. ಪೇಟೆಯೋರು ಈ ಆಟ ನಮ್ಮಲ್ಲೂ ಆಡ್ಸಿ ಅಂತ ಆಗ್ಲೇ ಕೇಳವ್ರೆ. ಶ್ರೀರಂಗಪಟ್ಣದಲ್ಲಿ ಮಾತ್ರ ಕೊಳ ಸಿಕ್ಕಿಲ್ಲ, ಒಳೆ ನೀರಲ್ಲೇ ಆಗ್ಬೇಕು.”

ಅಶೋಕ ಹಂಡೆಯಿಂದ ಜಾರಿ ಬಿದ್ದ. “ಅಷ್ಟೊತ್ಗೆ ಈಜು ಕಲ್ತ್ಕೋತೀನಿ ಸಾ!”

ನಂಜಪ್ಪನವರು ಗಾಬರಿಯಾದರು.

“ಏಯ್, ಅದೊಂದು ಮಾಡ್ಬೇಡ! ಕಲ್ತ ದಿನವೇ ನಿನ್ ಕೆಲಸ ಓಯ್ತು ಅಂತ ತಿಳ್ಕೊ.”