ಹುಕ್ಕೇರಿಯ ಬೀಗರು ಎದ್ದು ಹೊರಟದ್ದು

ನಿವೃತ್ತಿಯಾದ ಮೇಲೆ ಮಂಡಿ ನೋಯುತ್ತದೆ, ಕನ್ನಡಕ ದಪ್ಪವಾಗುತ್ತದೆ ಎಂದು ಹೆದರಿಸಿದವರು ಬಹಳ ಜನ. ಗಂಟಲಿನ ಬಗ್ಗೆ ಮಾತ್ರ ಯಾರೂ ಎಚ್ಚರಿಸಲಿಲ್ಲ. ನಾನು ಗೋಕಾಕದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಯಾವ ಬಸ್ಸು ಎಲ್ಲಿಗೆ, ಯಾವಾಗ ಎಂದು ಮೈಕಿನಲ್ಲಿ ಕೂಗುತ್ತಲೇ ಕೂದಲು ಬೆಳ್ಳಗಾಯಿತು. ಬೀಳ್ಕೊಡುವ ದಿನ ಶಾಲು ಹೊದಿಸಿ, ಹಾರ ಹಾಕಿ, ಮೈಕನ್ನು ಅಲ್ಲೇ ಇಟ್ಟುಕೊಂಡು ಕಳಿಸಿದರು. ದನಿ ಮಾತ್ರ ನನ್ನ ಜೊತೆ ಮನೆಗೆ ಬಂತು.

ಮನೆಯಲ್ಲಿ ಕೂಗುವುದಕ್ಕೆ ಏನಿದೆ? ಹೆಂಡತಿ ಸುಮಿತ್ರಾ ಒಲೆಯ ಮೇಲೆ ಹಾಲಿಟ್ಟರೆ, ಅದು ಇನ್ನೇನು ಉಕ್ಕಲಿದೆ ಎಂದು ಪಡಸಾಲೆಯಿಂದಲೇ ಸಾರುತ್ತಿದ್ದೆ. ಹೂವಿನವಳು ತಡವಾಗಿ ಬಂದರೆ ಕಾರಣ ಕೇಳುತ್ತಿದ್ದೆ. ಮುಂದಿನ ರೊಟ್ಟಿ ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ ದಿನ ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ನೋಡ್ರಿ, ಇದು ಮನಿ ಐತಿ, ಸ್ಟ್ಯಾಂಡ್ ಅಲ್ಲ. ನೀವರ ಏನಾರ ಕೆಲಸ ಹುಡುಕ್ಕೋರಿ, ಇಲ್ಲಾಂದ್ರ ನಾನರ ಹುಡುಕ್ಕೊಂಡು ಹೊರಗ ಹೋಗ್ತೇನಿ!"

ನನಗೂ ಬೇಕಾದದ್ದು ಅದೇ. ಬೆಳಿಗ್ಗೆ ಎದ್ದರೆ ನನ್ನ ಮಾತಿಗಾಗಿ ಯಾರೂ ಎಲ್ಲಿಯೂ ಕಾದಿಲ್ಲ ಎನ್ನುವುದು ಎದೆಗೆ ಚುಚ್ಚುತ್ತಿತ್ತು. ಭಜನೆಗೆ ಹೋಗಿ ನೋಡಿದೆ. ಶುರುವಾಗುವುದು ತಡವಾಯಿತೆಂದು ಎಲ್ಲರನ್ನೂ ತರಾಟೆಗೆ ತೆಗೆದುಕೊಂಡೆ. ಮರುವಾರ ಭಜನೆಯ ಜಾಗ ಬದಲಾಗಿದೆ ಎಂದು ತಿಳಿಯಿತು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ.

ಹೀಗಿರುವಾಗ ಸುಮಿತ್ರಾಳ ತಮ್ಮ, ಮೂಡಲಗಿಯ ಮಲ್ಲಪ್ಪನ ಮಗಳ ಮದುವೆ ಘಟಪ್ರಭಾದಲ್ಲಿ ನಡೆಯಿತು. ಗಂಡಿನವರು ಹುಕ್ಕೇರಿಯವರು. ಅಕ್ಕಿಕಾಳು ಬಿದ್ದದ್ದೇ ತಡ, ಮಂಟಪದಲ್ಲಿ ಗದ್ದಲವೋ ಗದ್ದಲ. ಬೀಗರನ್ನು ಮೊದಲ ಪಂಗತಿಗೆ ಕೂಡಿಸಬೇಕು. ಅವರು ಉಣ್ಣದೆ ಹೋದರೆ ಆ ಮಾತು ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಮಲ್ಲಪ್ಪ ಬೆವರುತ್ತ ಬಂದು ಮೈಕನ್ನು ನನ್ನ ಕೈಗೆ ತುರುಕಿದ.

"ಮಾಮಾ, ಹುಕ್ಕೇರಿಯವರನ್ನ ಲಗೂನ ಊಟಕ್ಕ ಕರೀರಿ. ಹುಗ್ಗಿ ಆರಾಕತ್ತೈತಿ."

ಮೈಕು ಕೈಗೆ ಬಂತು, ಮದುವೆ ಮರೆತುಹೋಯಿತು. "ಪ್ರಯಾಣಿಕರ ಗಮನಕ್ಕೆ," ಎಂದೆ. "ಹುಕ್ಕೇರಿ ಕಡೆಗೆ ಹೋಗುವವರು ತಮ್ಮ ಸಾಮಾನುಗಳೊಂದಿಗೆ ಕೂಡಲೇ ಬರಬೇಕು. ಗಾಡಿ ಹೊರಡಲು ಸಿದ್ಧವಾಗಿದೆ."

ಆ ಜನವಾದರೂ ಒಂದು ಕ್ಷಣ ಯೋಚಿಸಬೇಡವೇ? ಎಷ್ಟೋ ವರ್ಷ ಇದೇ ದನಿ ಕೇಳಿ ಓಡಿದವರು. ಈಗಲೂ ಎದ್ದು ಓಡಿದರು. ಮುದುಕಿಯೊಬ್ಬಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಹೊರಟಳು. ವರನ ಸೋದರಮಾವನಂತೂ, ತಾವೇ ಬಾಡಿಗೆಗೆ ತಂದ ಕ್ರೂಸರಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ. ಮಂಟಪದಲ್ಲಿ ಒಬ್ಬ ಬೀಗನೂ ಉಳಿಯಲಿಲ್ಲ. ಮಲ್ಲಪ್ಪ ತಲೆಯ ಮೇಲೆ ಕೈ ಹೊತ್ತು ನಿಂತ. ಸುಮಿತ್ರಾ ನನ್ನನ್ನು ನೋಡಿದ ರೀತಿಗೆ ನಾನೂ ಆ ಕ್ರೂಸರನ್ನೇ ಹತ್ತಿಬಿಡಬೇಕು ಅನ್ನಿಸಿತು.

ಗಂಟಲು ಮಾತ್ರ ಕೈಬಿಡಲಿಲ್ಲ. ಮತ್ತೆ ಮೈಕು ಎತ್ತಿದೆ. "ಹುಕ್ಕೇರಿ ಪ್ರಯಾಣಿಕರು ಲಕ್ಷ್ಯ ಕೊಡ್ರಿ. ಡ್ರೈವರ್ ಹುಗ್ಗಿ ಉಣ್ಣಾಕ ಕುಂತಾನ. ಅವನು ಏಳೋತನಕ ಗಾಡಿ ಬಿಡೂದಿಲ್ಲ. ಎಲ್ಲಾರೂ ಒಳಗ ಬಂದು ಊಟ ಮಾಡ್ರಿ!"

ಹೊರಗೆ ಯಾರೋ ಗೊಳ್ಳೆಂದು ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಒಳಗೆ ಬಂದು ಎಲೆಯ ಮುಂದೆ ಕೂತರು. ನನಗೆ ಹೋದ ಜೀವ ಬಂದಂತಾಯಿತು. ವರನ ತಂದೆ ನೇರವಾಗಿ ನನ್ನ ಕಡೆ ಬಂದಾಗ ಅದು ಮತ್ತೆ ಹೋಯಿತು. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ಕಂಟ್ರೋಲರ್ ಸಾಹೇಬ್ರ, ನಮ್ಮ ಮಂದಿ ನನ್ನ ಮಾತಿಗೆ ಎಂದೂ ಹಿಂಗ ಎದ್ದಿಲ್ರಿ. ಸಣ್ಣ ಮಗನ ಲಗ್ನಕ್ಕ ಮೈಕ್ ಹಿಡ್ಯಾಕ ನೀವೇ ಬರಬೇಕು."

ಅಂದಿನಿಂದ ನನಗೆ ಪುರುಸೊತ್ತಿಲ್ಲ. ಮದುವೆ, ಸೀಮಂತ, ಗೃಹಪ್ರವೇಶ, ಎಲ್ಲ ಕಡೆ ಕರೆಯುತ್ತಾರೆ. ಜನ ನನಗಾಗಿ ಕಾಯುತ್ತಾರೆ, ನಾನು ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೊರಡುತ್ತೇನೆ. ಇದಕ್ಕಿಂತ ದೊಡ್ಡ ನೆಮ್ಮದಿ ಏನಿದೆ? ಮೊನ್ನೆ ಊಟಕ್ಕೆ ಕೂತಾಗ ಸುಮಿತ್ರಾಳಿಗೂ ಹಾಗೇ ಹೇಳಿದೆ: ಈ ವಯಸ್ಸಿನಲ್ಲಿ ದೇವರು ನನಗೊಂದು ದಾರಿ ತೋರಿಸಿದ, ಮುಂದಿನ ತಿಂಗಳು ಆಷಾಢ, ಲಗ್ನವಿಲ್ಲ, ತಿಂಗಳಿಡೀ ಮನೆಯಲ್ಲೇ ಇರುತ್ತೇನೆ ಎಂದು.

"ಗೊತ್ತೈತ್ರಿ," ಎಂದಳು, ಪ್ರೀತಿಯಿಂದ ಇನ್ನೊಂದು ರೊಟ್ಟಿ ಹಾಕುತ್ತ. "ಅದಕ್ಕ ನಾನು ಆ ತಿಂಗಳು ಹಿಡಕಲ್ಲಿಗೆ, ಅಕ್ಕನ ಮನಿಗೆ ಹೊಂಟೇನಿ."