ಕುದುರೆ ಒದ್ದರೆ ಯಜಮಾನರು ಜವಾಬ್ದಾರರಲ್ಲ

ನನ್ನ ಚಿಕ್ಕಪ್ಪ ಕುದುರೆ ಹತ್ತಿದ್ದಕ್ಕಿಂತ ಕುದುರೆಯ ಬಗ್ಗೆ ಮುಚ್ಚಳಿಕೆ ಬರೆಸಿಕೊಂಡದ್ದೇ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಲೇಬೇಕು, ಬರೆದವಳು ನಾನೇ!

ಐವತ್ತರ ದಶಕದಲ್ಲಿ ಬಸ್ಸಿಳಿದು ಪೆರಾಬೆಯ ನಮ್ಮ ಮನೆ ಸೇರಲು ಎರಡು ಮೈಲಿ ನಡೆಯಬೇಕಿತ್ತು. ಪುತ್ತೂರಿಗೆ ಬಂದಿದ್ದ ಸರ್ಕಸ್ಸಿನವರು ಕುದುರೆಯೊಂದನ್ನು ಮಾರುತ್ತಾರೆಂದು ಕೇಳಿ ಚಿಕ್ಕಪ್ಪ ಅದನ್ನು ಕೊಂಡು ತಂದರು. ಬಂದ ದಿನವೇ ಅದು ಅವರ ತೋಳು ಕಚ್ಚಿತು. ಬೇರೆ ಯಾರಾದರೂ ಔಷಧಿ ಹುಡುಕುತ್ತಿದ್ದರು. ಬೇಲಿಯ ವ್ಯಾಜ್ಯವೊಂದರಲ್ಲಿ ಸೋತು ಕೋರ್ಟಿನ ರುಚಿ ಕಂಡಿದ್ದ ಇವರು ಹುಡುಕಿದ್ದು ಕಾಗದ!

"ನನ್ನನ್ನು ಕಚ್ಚಿದರೆ ಸರಿ. ಬೇರೆಯವರನ್ನು ಕಚ್ಚಿದರೆ ಕೇಸು ಬೀಳ್ತದೆ ಮಗಳೆ. ನಿನ್ನ ಅಕ್ಷರ ಗುಂಡಗೆ ಉಂಟು, ಬರಿ."

ಬರೆದೆ. ಕುದುರೆ ಕಚ್ಚಿದರೆ, ಒದ್ದರೆ, ಬೀಳಿಸಿದರೆ, ಸೊತ್ತು ಹಾಳುಮಾಡಿದರೆ ಯಜಮಾನರು ಜವಾಬ್ದಾರರಲ್ಲ. ಸಹಿ ಹಾಕದೆ ಅಂಗಳ ದಾಟುವಂತಿಲ್ಲ!

ಅಜ್ಜನ ತಿಥಿಗೆ ಬಂದ ಪುರೋಹಿತರು ಬೆವರೊರೆಸಿಕೊಳ್ಳುತ್ತಾ, "ನಾನು ಮಂತ್ರ ಹೇಳ್ಲಿಕ್ಕೆ ಬಂದದ್ದು ಮಾರಾಯ್ರೆ, ಕುದುರೆ ಹತ್ಲಿಕ್ಕೆ ಅಲ್ಲ" ಎಂದರು. ಬಿಡುವವರು ಯಾರು? ಅವರು ಬಗ್ಗಿ ಸಹಿ ಹಾಕುತ್ತಿದ್ದಾಗ ಕುದುರೆ ಹಿಂದಿನಿಂದ ಬಂದು ದರ್ಭೆಯ ಕಟ್ಟನ್ನೇ ತಿಂದು ಮುಗಿಸಿತು. "ದರ್ಭೆಯೂ ಸೊತ್ತೇ!" ಎಂದು ಚಿಕ್ಕಪ್ಪ ಕಾಗದ ಮಡಚಿಟ್ಟುಕೊಂಡರು.

ಇನ್ನೊಮ್ಮೆ ಸುಳ್ಯದ ಕಡೆಯ ಮದುಮಗನಿಗೆ ಕುದುರೆಯ ಮೇಲೆ ದಿಬ್ಬಣ ಹೋಗುವ ಹುಚ್ಚು ಹಿಡಿಯಿತು. ಅವನೂ ಸಹಿ ಹಾಕಿದ. ಹೆಣ್ಣಿನ ಮನೆಯ ಮುಂದೆ ಬ್ಯಾಂಡು ಬಾರಿಸಿದ್ದೇ ತಡ, ಸರ್ಕಸ್ಸಿನ ಅಭ್ಯಾಸ ನೋಡಿ, ಕುದುರೆ ಮುಂಗಾಲು ಮಡಚಿ ಸಭೆಗೆ ನಮಸ್ಕಾರ ಹಾಕಿತು! ಮದುಮಗ ಜಾರಿ ಸೀದಾ ಮಾವನ ಪಾದದ ಮೇಲೆ! "ಎಂಥ ವಿನಯ!" ಎಂದು ಹೆಂಗಸರೆಲ್ಲ ಹೊಗಳಿದರು. ಚಿಕ್ಕಪ್ಪನಿಗೆ ಮಾತ್ರ ಗಾಬರಿ. "ಬೀಳುವುದು ಅಂತ ಬರೆದಿದ್ದೇವೆ. ಕಾಲಿಗೆ ಬೀಳುವುದು ಅಂತ ಬರೆದಿಲ್ಲವಲ್ಲ!"

ಹೀಗೆ ನಗುತ್ತಲೇ ಇದ್ದೆವು, ಕುಂಞಣ್ಣನ ಕಾಲು ಮುರಿಯುವವರೆಗೆ.

ಕುಂಞಣ್ಣ ನೆರೆಯವನು, ಸಣ್ಣ ವೀಳ್ಯದೆಲೆ ತೋಟದಲ್ಲಿ ಬದುಕುವವನು, ಚಿಕ್ಕಪ್ಪನನ್ನು 'ಭಟ್ರೆ' ಎಂದೇ ಕರೆಯುವವನು. ಕುದುರೆಯ ಮೈ ತೊಳೆಯುವಾಗ ಹಗ್ಗ ಹಿಡಿದುಕೊಳ್ಳಲು ಚಿಕ್ಕಪ್ಪನೇ ಅವನನ್ನು ಕರೆದಿದ್ದರು. ಅದು ಯಾವುದಕ್ಕೆ ಬೆದರಿತೋ, ಒಂದೇ ಒದೆತ. ಅವನನ್ನು ಪುತ್ತೂರಿನ ಆಸ್ಪತ್ರೆಗೆ ಸಾಗಿಸಿದೆವು. ಕೇಸು ಹಾಕಬೇಕೆಂದು ಅವನ ನೆಂಟರು ಗುಸುಗುಸು ಮಾಡಿದರು. ಚಿಕ್ಕಪ್ಪ ಅವನ ಮುಚ್ಚಳಿಕೆ ಹಿಡಿದುಕೊಂಡು ವಕೀಲರಲ್ಲಿಗೆ ಓಡಿದರು.

"ನಿಮ್ಮ ಕೂದಲೂ ಕೊಂಕುದಿಲ್ಲ" ಎಂದರಂತೆ ವಕೀಲರು.

ಕುಣಿಯುತ್ತಾ ಬರಬೇಕಾದವರು ಮುಖ ಸಣ್ಣ ಮಾಡಿಕೊಂಡು ಬಂದರು. ಕಾಫಿಯನ್ನೂ ಮುಟ್ಟಲಿಲ್ಲ.

"ಕುಂಞಣ್ಣನಿಗೆ ಇದನ್ನು ಓದಿ ಹೇಳಿದ್ದಿಯಾ ಮಗಳೆ?"

"ಓದ್ಲಿಕ್ಕೆ ಹೊರಟೆ ಚಿಕ್ಕಪ್ಪ. ಭಟ್ರು ಬರೆಸಿದ್ದಲ್ವಾ, ಓದುದು ಎಂತಕ್ಕೆ ಅಂತ ಹೆಬ್ಬೆಟ್ಟು ಒತ್ತಿದ."

ಮರುದಿನ ಬೆಳಗ್ಗೆ ಮುಚ್ಚಳಿಕೆಗಳೆಲ್ಲ ಬಚ್ಚಲ ಒಲೆಗೆ ಹೋದವು. ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ ಕುಂಞಣ್ಣನ ಮನೆಗೆ ನಡೆದರು. ಬೇಸಿಗೆಯಲ್ಲಿ ಎಲೆಬಳ್ಳಿಗೆ ದಿನಕ್ಕೆರಡು ಸಲ ನೀರು ಬೀಳದಿದ್ದರೆ ತೋಟವೇ ಹೋದಂತೆ; ಆ ದಿನದಿಂದ ನೀರು ಹೊತ್ತವರು ಚಿಕ್ಕಪ್ಪನೇ. ಕೆಲವು ದಿನಗಳಲ್ಲಿ ಆಸ್ಪತ್ರೆಯಿಂದ ಬಂದ ಕುಂಞಣ್ಣ ಕಾಲು ನೀಡಿ ಕೂತು ಕೂಗುತ್ತಿದ್ದ, "ಬುಡಕ್ಕೆ ಹಾಕಿ ಭಟ್ರೆ, ನಿಮ್ಮ ಪಂಚೆಗಲ್ಲ!"

ಒಂದು ಸಂಜೆ ನಾನು ಮಜ್ಜಿಗೆ ಕೊಂಡು ಹೋದಾಗ ಇಬ್ಬರೂ ಒಂದೇ ಚಾಪೆಯಲ್ಲಿದ್ದರು. ಬೊಬ್ಬೆ ಎದ್ದ ಚಿಕ್ಕಪ್ಪನ ಅಂಗೈಗಳನ್ನು ಕುಂಞಣ್ಣ ತನ್ನ ತೊಡೆಯ ಮೇಲಿಟ್ಟುಕೊಂಡು ತೆಂಗಿನೆಣ್ಣೆ ಹಚ್ಚುತ್ತಿದ್ದ.

"ನಾಳೆ ಬರುದು ಬೇಡ ಭಟ್ರೆ. ಎರಡು ಬಳ್ಳಿ ಒಣಗಿದರೆ ಒಣಗ್ಲಿ."

ನನ್ನ ಚಿಕ್ಕಪ್ಪ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.