ಮೂರನೆಯ ಕರೆ ಮತ್ತು ಕಪ್ಪು ಪಟ್ಟಿ

ಊಟಕ್ಕೆ ಕರೆಯುವ ವಿಷಯದಲ್ಲಿ ನಮ್ಮ ಮನೆತನದವರು ಎಂದೂ ಹಿಂದೆಮುಂದೆ ನೋಡಿದವರಲ್ಲ. ನಮ್ಮೂರು ವಾಗದರಿಯಲ್ಲಿ ಒಂದು ಸಲ ಕರೆದರೆ ಅದು ಕರೆದಂತೆಯೇ ಅಲ್ಲ. ನಾಲ್ಕು ದಿನ ಮೊದಲು ಒಮ್ಮೆ, ಹಿಂದಿನ ದಿನ ಒಮ್ಮೆ, ಬಡಿಸುವ ಹೊತ್ತಿಗೆ ‘ಅಡಗಿ ಆಗ್ಯಾದ, ಏಳ್ರಿ’ ಎಂದು ಮತ್ತೊಮ್ಮೆ. ಈ ಮೂರನೆಯ ಕರೆ ಬರುವ ತನಕ ಎಂಥ ಹಸಿದವನೂ ಕಟ್ಟೆ ಬಿಟ್ಟು ಏಳುವುದಿಲ್ಲ. ಒಂದೇ ಒಂದು ಮನೆ ಬಿಟ್ಟಿರೋ, ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಅಪ್ಪನಂತೂ ಬದುವಿನ ಜಗಳದಲ್ಲಿ ಕೋರ್ಟಿಗೆಳೆದವನನ್ನೂ ಬಿಡುತ್ತಿರಲಿಲ್ಲ. ‘ಕೋರ್ಟಿನ್ಯಾಗ ನಿನ್ನ ನೋಡ್ಕೋತೀನಿ, ಈಗ ಉಣ್ಣಾಕ ಬಾ’ ಎನ್ನುತ್ತಿದ್ದ.

ಅಂಥವನ ಮಗನಾದ ನಾನು ಸೊಲ್ಲಾಪುರದ ಒಂದು ಟವೆಲ್ ಕಾರ್ಖಾನೆಯಲ್ಲಿ ಇ-ಮೇಲ್ ನೋಡಿಕೊಳ್ಳುವ ಗುಮಾಸ್ತ. ಹೋದ ತಿಂಗಳು ಅಕ್ಕಲಕೋಟೆಯಲ್ಲಿ ಮನೆ ಕಟ್ಟಿಸಿ ವಾಸ್ತುಶಾಂತಿ ಮುಗಿಸಿದೆ. ಅದರ ಮರುವಾರವೇ ಆಫೀಸಿನಿಂದ ಹೋದ ಮೇಲ್‌ಗಳೆಲ್ಲ ತಿರುಗಿ ಬರತೊಡಗಿದವು. ಜರ್ಮನಿಯ ವ್ಯಾಪಾರಿಯೊಬ್ಬ ಶನಿವಾರದೊಳಗೆ ದರಪತ್ರ ಕೇಳಿದ್ದ. ಅದೂ ಕಾರ್ಖಾನೆಯ ವಿಳಾಸದಿಂದಲೇ ಬರಬೇಕು, ಬೇರೆ ಕಡೆಯಿಂದ ಬಂದರೆ ಮೋಸವೆಂದು ತೆರೆಯುವುದೇ ಇಲ್ಲ ಎಂದಿದ್ದ. ಆ ಆರ್ಡರ್ ತಪ್ಪಿದರೆ ಹೊಲಿಗೆ ವಿಭಾಗಕ್ಕೆ ಬೀಗ. ಅಲ್ಲಿ ಟವೆಲ್ಲಿನ ಅಂಚು ಹೊಲಿಯುವ ಮೂವತ್ತು ಹೆಂಗಸರ ಪರವಾಗಿ ಅವರ ಮುಖ್ಯಸ್ಥೆ ಸುನಂದಾಬಾಯಿ ದಿನಕ್ಕೆರಡು ಸಲ ನನ್ನ ಬಾಗಿಲಿಗೆ ಬಂದು, ‘ಅಣ್ಣಾರ, ಹೋತೇನ್ರಿ ಪತ್ರ?’ ಎಂದು ಕೇಳುತ್ತಿದ್ದಳು. ಅವಳ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು.

ಗುರುವಾರ ಕಂಪ್ಯೂಟರ್ ರಿಪೇರಿಯ ಇರ್ಫಾನನನ್ನು ಕರೆಸಿದೆವು. ‘ನಿಮ್ಮ ಐಪಿ ಬ್ಲ್ಯಾಕ್‌ಲಿಸ್ಟ್ ಆಗ್ಯಾದ ಕಾಕಾ’ ಎಂದ ಅವನು. ಐಪಿ ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಆಫೀಸಿನ ಮನೆ ನಂಬರಂತೆ. ಬೇಡದ ಮೇಲ್ ಕಳಿಸಿ ಜನರಿಗೆ ಕಾಟ ಕೊಡುವವರ ನಂಬರನ್ನು ಕಪ್ಪು ಪಟ್ಟಿಗೆ ಸೇರಿಸುತ್ತಾರೆ. ಆಮೇಲೆ ಅಲ್ಲಿಂದ ಏನೇ ಹೊರಟರೂ ಜಗತ್ತೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ.

‘ಯಾವ ನಾಲಾಯಕ ಮಾಡ್ಯಾನ್ರಿ ಇದನ್ನ?’ ಎಂದು ಮಾಲಕರು ಗುಡುಗಿದರು. ನಾನೂ ದನಿಗೂಡಿಸಿ, ಅಂಥವನನ್ನು ಗೇಟಿನ ಹೊರಗೆ ನಿಲ್ಲಿಸಬೇಕು ಎಂದೆ. ಇರ್ಫಾನ ನಮ್ಮ ಆಫೀಸಿನಿಂದ ಹೋದ ಮೇಲ್‌ಗಳ ಪಟ್ಟಿ ತೆರೆದು, ಗಂಟಲು ಸರಿಮಾಡಿಕೊಂಡು ಓದಿದ: ‘ಅಡಗಿ ಆಗ್ಯಾದ, ಏಳ್ರಿ.’

ಹೌದು, ಆಫೀಸಿನ ಕಂಪ್ಯೂಟರಿನಲ್ಲಿದ್ದ ಅಷ್ಟೂ ವಿಳಾಸಗಳನ್ನು ನಾನೇ ವಾಸ್ತುಶಾಂತಿಗೆ ಕರೆದಿದ್ದೆ, ಕ್ರಮವಾಗಿ ಮೂರು ಸಲ. ನೂಲಿನ ವ್ಯಾಪಾರಿಗಳು, ಸಾಲ ಬೇಕೇ ಎಂದು ಪೀಡಿಸುವ ಬ್ಯಾಂಕಿನವರು, ಎಂದೋ ಸತ್ತುಹೋದ ಏಜೆಂಟರು, ‘ಇದಕ್ಕೆ ಉತ್ತರಿಸಬೇಡಿ’ ಎಂಬ ಹೆಸರಿನ ಮಹನೀಯರು, ಒಬ್ಬರನ್ನೂ ಬಿಟ್ಟಿರಲಿಲ್ಲ.

ಮಾಲಕರು ನನ್ನ ಕಡೆ ತಿರುಗಿ, ‘ಬಿರಾಜದಾರ್ರ, ನನಗ ಸುದ್ದಾ ಮೂರು ಬಂದಿದ್ವು’ ಎಂದಷ್ಟೇ ಹೇಳಿದರು. ಪಟ್ಟಿಯಿಂದ ಹೆಸರು ತೆಗೆಸಲು ಒಂದು ಫಾರ್ಮ್ ಇತ್ತು. ಹೀಗೇಕಾಯಿತು, ಇನ್ನು ಮುಂದೆ ಆಗುವುದಿಲ್ಲ ಎಂಬುದಕ್ಕೆ ಏನು ಖಾತ್ರಿ ಎಂದು ಅದರಲ್ಲಿ ಕೇಳಿದ್ದರು. ‘ಮನೆಯ ವಾಸ್ತುಶಾಂತಿ ಇತ್ತು. ಮುಗಿದಿದೆ. ಇನ್ನೊಂದು ಮನೆ ಕಟ್ಟಿಸುವ ತಾಕತ್ತು ನನಗಿಲ್ಲ’ ಎಂದು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಬರೆದೆ. ಪಟ್ಟಿಯವರಿಗೆ ಕನಿಕರ ಬಂತೋ ನಗು ಬಂತೋ, ಶುಕ್ರವಾರ ಮಧ್ಯಾಹ್ನ ಹೆಸರು ತೆಗೆದರು. ದರಪತ್ರ ಹೋಯಿತು, ಸೋಮವಾರ ಆರ್ಡರ್ ಬಂತು.

ಸಿಹಿ ಸುದ್ದಿ ಹೇಳಲು ಗೋಡೆಯಾಚೆಗಿನ ಹೊಲಿಗೆ ವಿಭಾಗಕ್ಕೆ ಓಡಿದೆ. ಮೂವತ್ತೂ ಯಂತ್ರಗಳು ಒಮ್ಮೆಲೇ ನಿಂತವು. ಸುನಂದಾಬಾಯಿ ದೇವರಿಗೆ ಕೈಮುಗಿದು, ಕಣ್ಣೊರೆಸಿಕೊಂಡು, ಆಮೇಲೆ ತಣ್ಣಗೆ ಹೇಳಿದಳು: ‘ಚಲೋ ಆತ್ರಿ ಅಣ್ಣಾರ. ಇರ್ಫಾನ ಎಲ್ಲಾ ಹೇಳ್ಯಾನ. ಜರ್ಮನಿ ಮಂದಿಗಿ ಮೂರು ಸಲ ಕರದೀರಂತ. ನಮಗ ಮೇಲ್ ಇಲ್ಲಲ್ರಿ, ಅದಕ್ಕ ನಮ್ಮನ್ನ ಕರೀಲಿಲ್ಲೇನು?’

ನನ್ನ ಮೇಜಿನಿಂದ ಅವಳ ಯಂತ್ರಕ್ಕೆ ಹತ್ತು ಹೆಜ್ಜೆ. ಅಪ್ಪ ಇದ್ದಿದ್ದರೆ ಕಾಲಿನ ಕೆರ ಬಿಚ್ಚುತ್ತಿದ್ದ.

ಇವತ್ತು ರವಿವಾರ, ನಮ್ಮ ಮನೆಯಲ್ಲಿ ಮತ್ತೆ ಊಟ. ನನ್ನಾಕೆ ನನಗೆ ಶಾಪ ಹಾಕುತ್ತ ಮೂವತ್ತು ಜನಕ್ಕೆ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಾಳೆ. ಎರಡು ಸಲ ಹೋಗಿ ಕರೆದು ಬಂದೆ. ಸುನಂದಾಬಾಯಿ ಎರಡೂ ಸಲ ಸೂಜಿಯಿಂದ ಕಣ್ಣೆತ್ತದೆ, ‘ನೋಡೂಣ್ರಿ’ ಎಂದಿದ್ದಾಳೆ. ಈಗ ಮೂರನೆಯ ಸಲ ಅವರ ಮನೆಬಾಗಿಲಿಗೇ ಹೋಗಿ ಕರೆಯಲು ಅಕ್ಕಲಕೋಟೆಯಿಂದ ಸೊಲ್ಲಾಪುರದ ಬಸ್ಸು ಹತ್ತಿದ್ದೇನೆ.